ಪೆಡಲ್ ಬಿಟ್ಟರೂ ತಂತಿ ಮನೆಗೆ ಬರುತ್ತಿಲ್ಲ: ಪೆಡಲ್ ಸ್ಟೀಲ್ ಗಿಟಾರಿನ ಶ್ರುತಿ ದೋಷ ಹುಡುಕುವುದು

ನನ್ನ ಗಿಟಾರಿನ ಆರನೇ ತಂತಿ ನಾಲ್ಕು ತಿಂಗಳು ನನ್ನನ್ನು ಆಟ ಆಡಿಸಿತು. ಪೆಡಲ್ ಸ್ಟೀಲ್ ಅಂದರೆ ಮೇಜಿನಂತೆ ಕಾಲುಗಳ ಮೇಲೆ ನಿಲ್ಲುವ ಗಿಟಾರ್. ತಂತಿ ಮೇಲೆ ಉಕ್ಕಿನ ಬಾರ್ ಜಾರಿಸುತ್ತಾ, ಪಾದದ ಪೆಡಲ್ ಮತ್ತು ಮೊಣಕಾಲಿನ ಲಿವರುಗಳಿಂದ ಸ್ವರ ಬದಲಿಸುತ್ತಾ ನುಡಿಸುತ್ತಾರೆ. ಹಾಡು ಶುರುವಾಗುವಾಗ ಸರಿಯಾಗಿಯೇ ಇರುತ್ತಿತ್ತು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಏರಿರುತ್ತಿತ್ತು. ಬಿರಡೆ ತಿರುಗಿಸಿ ಇಳಿಸುತ್ತಿದ್ದೆ. ಮುಂದಿನ ಹಾಡಿನಲ್ಲಿ ನೋಡಿದರೆ ಈಗ ಇಳಿದಿದೆ! ಮತ್ತೆ ಏರಿಸುತ್ತಿದ್ದೆ. ಜೊತೆಗೆ ಬಾಸ್ ನುಡಿಸುವ ಗೆಳೆಯ ಒಂದು ದಿನ ತಡೆಯಲಾರದೆ, ನೀನು ನುಡಿಸುವುದಕ್ಕಿಂತ ಶ್ರುತಿ ಮಾಡುವುದೇ ಜಾಸ್ತಿ ಆಯ್ತು ಅಂದ. ಸುಳ್ಳೇನಲ್ಲ. ತಂತಿ ಬದಲಾಯಿಸಿದೆ. ಬಿರಡೆಯೇ ಸವೆದಿರಬೇಕು ಅಂತ ಹೊಸದಕ್ಕೆ ಬೆಲೆ ಕೂಡ ಕೇಳಿಕೊಂಡು ಬಂದೆ. ಕೊನೆಗೆ ಕಾರಣ ಸಿಕ್ಕಿದ್ದು ಕಡಲೆಕಾಳಿನಷ್ಟು ದೊಡ್ಡ ಒಂದು ಉರುಳೆಯಲ್ಲಿ. ರಿಪೇರಿಗೆ ಹಿಡಿದದ್ದು ಹತ್ತು ನಿಮಿಷ ಮತ್ತು ಒಂದು ತೊಟ್ಟು ಎಣ್ಣೆ.

ತಂತಿ ತಪ್ಪಿದ ಕೂಡಲೇ ಕೈ ತಾನಾಗಿಯೇ ಬಿರಡೆಗೆ ಹೋಗುತ್ತದೆ. ವೀಣೆಯಲ್ಲಿ, ತಂಬೂರಿಯಲ್ಲಿ ಅದು ಸರಿ. ಪೆಡಲ್ ಸ್ಟೀಲ್‌ನಲ್ಲಿ ಹಾಗೆ ಮಾಡಿದರೆ ದೋಷ ಒಂದು ಸ್ವರದಿಂದ ಎದ್ದು ಇನ್ನೊಂದು ಸ್ವರದಲ್ಲಿ ಹೋಗಿ ಕೂರುತ್ತದೆ, ಅಷ್ಟೆ. ಆದ್ದರಿಂದ ಮೊದಲ ಅರ್ಧ ಗಂಟೆ ಬಿರಡೆಯನ್ನೂ ಮುಟ್ಟಬೇಡಿ, ಪೆಡಲಿನ ಸ್ವರ ಕೂರಿಸುವ ನೈಲಾನ್ ತಿರುಪುಗಳನ್ನೂ ಮುಟ್ಟಬೇಡಿ. ಬರೀ ನೋಡಿ, ಬರೆದುಕೊಳ್ಳಿ.

ಯಂತ್ರದ ಒಳಗೆ ಒಂದು ಸುತ್ತು

ಅಮೆರಿಕದ ಕಂಟ್ರಿ ಸಂಗೀತದ ಊರು ನ್ಯಾಶ್‌ವಿಲ್‌ನ ಇ9 ಶ್ರುತಿಯಲ್ಲಿ ಹತ್ತು ತಂತಿ. ದೂರದಿಂದ ಹತ್ತಿರಕ್ಕೆ: ಎಫ್ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಎಫ್ ಶಾರ್ಪ್, ಇ, ಡಿ, ಬಿ. ಸಾಮಾನ್ಯ ಗಿಟಾರಿನಲ್ಲಿ ಒಂದು ತಂತಿಗೆ ಒಂದೇ ಬಿಡಿ ಸ್ವರ. ಇಲ್ಲಿ ನಾಲ್ಕನೇ ತಂತಿಯೊಂದಕ್ಕೇ ನಾಲ್ಕು. ಸುಮ್ನೆ ಬಿಟ್ಟರೆ ಇ. ಸಿ ಪೆಡಲ್ ಒತ್ತಿದರೆ ಎಫ್ ಶಾರ್ಪ್ (ಎ, ಬಿ, ಸಿ ಪೆಡಲ್ ಅನ್ನುವುದು ಪೆಡಲುಗಳ ಹೆಸರು, ಸ್ವರದ್ದಲ್ಲ). ಮೊಣಕಾಲಿನಿಂದ ಒಂದು ಲಿವರ್ ತಳ್ಳಿದರೆ ಎಫ್, ಇನ್ನೊಂದನ್ನು ತಳ್ಳಿದರೆ ಇ ಫ್ಲಾಟ್. 1954ರಲ್ಲಿ ಬಂದ ಕಂಟ್ರಿ ಗಾಯಕ ವೆಬ್ ಪಿಯರ್ಸ್‌ನ ಹಾಡೊಂದರಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್, ಸ್ವರ ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ ಅದನ್ನು ಜಾರಿಸಿದ. ಅಲ್ಲಿಂದ ಮುಂದೆ ಸ್ಟೀಲ್ ನುಡಿಸುವ ಎಲ್ಲರಿಗೂ ಆ ಜಾರು ಬೇಕಾಯಿತು. ನಮ್ಮ ತಲೆನೋವು ಹುಟ್ಟಿದ್ದೂ ಅಲ್ಲೇ. ಸ್ವರ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು, ವಾಪಸ್ ಎಲ್ಲಿಗೆ ಬಂತು, ಎಲ್ಲವೂ ಕೇಳುವವರ ಕಿವಿಗೆ ಬೀಳುತ್ತದೆ.

ಬಲ ತುದಿಯಲ್ಲಿರುವುದು ಚೇಂಜರ್. ಪ್ರತಿ ತಂತಿ ಅಲ್ಲಿ ಒಂದು ಅಲ್ಯೂಮಿನಿಯಂ ಫಿಂಗರ್ ಮೇಲೆ ಬಾಗಿ ಹೋಗುತ್ತದೆ. ಫಿಂಗರ್ ಒಂದು ಕಡೆ ತಿರುಗಿದರೆ ತಂತಿ ಬಿಗಿಯುತ್ತದೆ, ಇನ್ನೊಂದು ಕಡೆ ತಿರುಗಿದರೆ ಸಡಿಲವಾಗುತ್ತದೆ. ಪೆಡಲ್ ಒತ್ತಿದಾಗ ನಿಂತ ರಾಡ್ ಕೆಳಗೆ ಬರುತ್ತದೆ, ಹೊಟ್ಟೆಯೊಳಗಿನ ಅಡ್ಡ ಶಾಫ್ಟ್ ತಿರುಗುತ್ತದೆ, ಅದರ ಮೇಲಿನ ಬೆಲ್ ಕ್ರ್ಯಾಂಕ್ ಎಂಬ ಪುಟ್ಟ ತೋಳು ಉದ್ದದ ಪುಲ್ ರಾಡನ್ನು ಎಳೆಯುತ್ತದೆ, ರಾಡ್ ಫಿಂಗರನ್ನು ಎಳೆಯುತ್ತದೆ. ರಾಡಿನ ತುದಿಯ ನೈಲಾನ್ ತಿರುಪು ಬಲಗಡೆಯ ತಟ್ಟೆಯಿಂದ ಹೊರಗೆ ಕಾಣುತ್ತದೆ. ಬಿಡಿ ಸ್ವರವನ್ನು, ಅಂದರೆ ಪೆಡಲ್, ಲಿವರ್ ಏನೂ ಮುಟ್ಟದಾಗಿನ ಸ್ವರವನ್ನು, ಬಿರಡೆಯಲ್ಲಿ ಕೂರಿಸುತ್ತೀರಿ, ಪೆಡಲ್ ಮತ್ತು ಲಿವರಿನ ಸ್ವರಗಳನ್ನು ಈ ತಿರುಪುಗಳಲ್ಲಿ. ಎಡ ತುದಿಯಲ್ಲಿ ತಂತಿ ಒಂದೊಂದು ಪುಟ್ಟ ಉರುಳೆಯ ಮೇಲೆ ಹಾದು ಬಿರಡೆಗೆ ಹೋಗುತ್ತದೆ. ಆ ಉರುಳೆಯನ್ನು ನೆನಪಿಟ್ಟುಕೊಳ್ಳಿ.

ಇಲ್ಲಿ ಹೇಳುವುದೆಲ್ಲ ಇಂದು ಹೆಚ್ಚಾಗಿ ಸಿಗುವ ಆಲ್-ಪುಲ್ ಗಿಟಾರಿಗೆ, ಅಂದರೆ ಏರಿಸಲೂ ಇಳಿಸಲೂ ರಾಡ್ ಎಳೆಯುವ ಬಗೆಗೆ. ನಿಮ್ಮದು ಹಳೆಯ ಪುಶ್-ಪುಲ್ ಆಗಿದ್ದರೆ ಶ್ರುತಿ ಮಾಡುವ ಕ್ರಮವೇ ಬೇರೆ. ಇದನ್ನು ಓದಿಕೊಂಡು ಅದಕ್ಕೆ ಕೈ ಹಾಕಬೇಡಿ.

ಮೂರು ರೀಡಿಂಗ್

ಸೆಂಟ್ ತೋರಿಸುವ ಟ್ಯೂನರ್ ಬೇಕು. ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್. ಬರೀ ಹಸಿರು ದೀಪ ಹತ್ತುವ ಟ್ಯೂನರ್ ಈ ಕೆಲಸಕ್ಕೆ ಸಾಲದು. ಕೈಯಲ್ಲಿ ಬಾರ್ ಹಿಡಿಯಬೇಡಿ. ಎಷ್ಟೋ ಸಲ ತಪ್ಪು ಬಾರ್ ಓರೆ ಹಿಡಿದ ಕೈಯದ್ದೇ ಆಗಿರುತ್ತದೆ, ಬೈಗುಳ ಮಾತ್ರ ಗಿಟಾರಿಗೆ.

ಒಂದು ತಂತಿ, ಒಂದು ಪೆಡಲ್ ತೆಗೆದುಕೊಳ್ಳಿ. ತಂತಿ ಮೀಟಿ ಬಿಡಿ ಸ್ವರದ ರೀಡಿಂಗ್ ಬರೆಯಿರಿ. ಪೆಡಲ್ ಪೂರ್ತಿ ಒತ್ತಿ, ಮೀಟಿ, ಬರೆಯಿರಿ. ಪೆಡಲ್ ಬಿಟ್ಟು, ಮತ್ತೆ ಮೀಟಿ, ಬರೆಯಿರಿ. ಇದನ್ನೇ ನಾಲ್ಕೈದು ಸಲ ಮಾಡಿ. ಆಮೇಲೆ ಮುಂದಿನ ಪೆಡಲ್, ಆಮೇಲೆ ಲಿವರ್. ಬೇಜಾರಿನ ಕೆಲಸ. ಆದರೆ ಕಾಗದ ತುಂಬುವ ಹೊತ್ತಿಗೆ ತಪ್ಪು ಎಲ್ಲಿದೆ ಅಂತ ಮುಕ್ಕಾಲು ಪಾಲು ಗೊತ್ತಾಗಿರುತ್ತದೆ. ಮೊದಲ ರೀಡಿಂಗೇ ಅಲ್ಲಾಡುತ್ತಿದ್ದರೆ ತಂತಿ ಅಥವಾ ಬಿರಡೆ. ಎರಡನೆಯದು ಅಲ್ಲಾಡುತ್ತಿದ್ದರೆ ಪೆಡಲ್, ರಾಡ್, ತಿರುಪು. ಮೂರನೆಯದು ಮೊದಲನೆಯದರ ಜೊತೆ ಕೂಡದಿದ್ದರೆ ನಿಜವಾದ ಪತ್ತೇದಾರಿ ಕೆಲಸ ಅಲ್ಲಿಂದ ಶುರು.

ಬಿಡಿ ಸ್ವರವೇ ನಿಲ್ಲದಿದ್ದರೆ

ಇದು ಸುಲಭದ್ದು. ಹೊಸ ತಂತಿ ಎಳೆದುಕೊಳ್ಳುತ್ತದೆ, ಹಾಕಿದ ಮೇಲೆ ಕೈಯಿಂದ ನಿಧಾನವಾಗಿ ಎತ್ತಿ ಎತ್ತಿ ಹಿಗ್ಗಿಸಿ. ಬಿರಡೆಯ ಕಂಬದ ಮೇಲೆ ಸುತ್ತು ಒಂದರ ಮೇಲೊಂದು ಹತ್ತಿದ್ದರೆ ಬಿಚ್ಚಿ ಸರಿಯಾಗಿ ಸುತ್ತಿ. ಬಲ ತುದಿಯ ಗುಂಡು ಫಿಂಗರಿನ ಮೊಳೆಗೆ ಪೂರ್ತಿ ಕೂತಿದೆಯೇ ನೋಡಿ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತನ್ನಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಬಿರಡೆಯ ಹಲ್ಲಿನಲ್ಲಿ ಉಳಿದ ಸಡಿಲ ಆಮೇಲೆ ಜಾರುತ್ತದೆ.

ಮೂರನೇ ತಂತಿ ಪದೇ ಪದೇ ಹರಿಯುತ್ತದೆ ಎಂಬುದು ಎಲ್ಲರ ದೂರು. ಅದು 0.011 ಇಂಚಿನ ತಂತಿ. 24 ಇಂಚು ಚಿಲ್ಲರೆ ಉದ್ದದಲ್ಲಿ ಜಿ ಶಾರ್ಪ್‌ಗೆ ಹತ್ತಿರ ಹತ್ತಿರ 13 ಕಿಲೋ ಎಳೆತ ಹೊರುತ್ತದೆ, ಬಿ ಪೆಡಲ್ ಒತ್ತಿ ಎ ಸ್ವರಕ್ಕೆ ಏರಿಸಿದರೆ 14 ದಾಟುತ್ತದೆ. ಆದರೂ ತಿಂಗಳೊಳಗೆ ಮೂರು ಸಲ ಒಂದೇ ಜಾಗದಲ್ಲಿ, ಫಿಂಗರಿನ ನೆತ್ತಿಯ ಮೇಲೇ ಹರಿದರೆ ತಂತಿಯನ್ನು ದೂರಬೇಡಿ. ಉಗುರಿನಿಂದ ಆ ನೆತ್ತಿಯನ್ನು ಸವರಿ ನೋಡಿ. ಗೆರೆ ಸಿಕ್ಕಿದರೆ ಅತಿ ನಯವಾದ ಉಜ್ಜುಕಾಗದದಿಂದ ಉಜ್ಜಿ, ಪಾಲಿಶ್ ಮಾಡಿ. ಅದರ ಉಬ್ಬು ಚಪ್ಪಟೆ ಆಗುವಷ್ಟು ಉಜ್ಜಿದರೆ ಮಾತ್ರ ಹೊಸ ತೊಂದರೆ ತಂದುಕೊಂಡ ಹಾಗೆ.

ಪೆಡಲ್ ಒತ್ತಿದಾಗ ತಪ್ಪಿದರೆ

ಪ್ರತಿ ಸಲವೂ ಒಂದೇ ಲೆಕ್ಕದಲ್ಲಿ ತಪ್ಪಿದರೆ ಅದು ದೋಷವೇ ಅಲ್ಲ. ನೈಲಾನ್ ತಿರುಪು ತಿರುಗಿಸಿ ಸರಿ ಮಾಡಿ. ತಪ್ಪು ಒಂದೊಂದು ಸಲ ಒಂದೊಂದು ಥರ ಇದ್ದರೆ ಕಾಲು ಎಷ್ಟು ಬಲವಾಗಿ ಒತ್ತುತ್ತಿದೆ ನೋಡಿ. ಪೆಡಲ್ ತನ್ನ ತಡೆಗೆ ಬಡಿದು ನಿಲ್ಲಬೇಕು. ಆ ಬಡಿತ ಕಾಲಿಗೆ ಗೊತ್ತಾಗಬೇಕು. ಗೊತ್ತಾಗದೆ ಮೆತ್ತಗೆ ಹೋಗುತ್ತಲೇ ಇದ್ದರೆ ಏನೋ ಒಂದು ಬಾಗುತ್ತಿದೆ. ಬೆಲ್ ಕ್ರ್ಯಾಂಕಿನ ಸ್ಕ್ರೂ ಸಡಿಲವಾಗಿ ಶಾಫ್ಟಿನ ಮೇಲೆ ಜಾರುತ್ತಿರಬಹುದು. ಅಥವಾ ಪೆಡಲ್ ತಡೆಗೆ ಮುಟ್ಟುವ ಮುಂಚೆಯೇ ಫಿಂಗರ್ ತನ್ನ ಕೊನೆ ಮುಟ್ಟಿರಬಹುದು. ಈ ಎರಡನೆಯದಕ್ಕೆ ಒಂದು ಗುರುತಿದೆ: ತಿರುಪನ್ನು ಎಷ್ಟು ಬಿಗಿದರೂ ಸ್ವರ ಮೇಲೆ ಹೋಗುವುದೇ ಇಲ್ಲ. ಆಗ ಬಿಗಿಯುವುದನ್ನು ನಿಲ್ಲಿಸಿ. ನೈಲಾನ್ ಎಳೆ ಸವೆದು ಹೋಗುತ್ತದೆ. ಪುಲ್ ರಾಡನ್ನು ಬೆಲ್ ಕ್ರ್ಯಾಂಕಿನ ಅಥವಾ ಚೇಂಜರಿನ ಬೇರೆ ತೂತಿಗೆ ಹಾಕಿ ಚಲನೆಯ ಪ್ರಮಾಣವನ್ನೇ ಬದಲಾಯಿಸಬೇಕು.

ಗಿಟಾರನ್ನು ಬೋರಲು ಹಾಕಿ, ಟಾರ್ಚ್ ಹಿಡಿದು, ಕೈಯಿಂದಲೇ ಶಾಫ್ಟ್ ತಿರುಗಿಸಿ ನೋಡುವುದು ಇದಕ್ಕೆಲ್ಲ ಒಳ್ಳೆಯ ದಾರಿ. ಕಾಲಲ್ಲಿ ಒತ್ತುವಾಗ ಕಾಣದ್ದು ಕೈಗೆ ತಿಳಿಯುತ್ತದೆ.

ಇನ್ನೊಂದು ಮಾತು, ನಗಬೇಡಿ. ದಪ್ಪ ಕಾರ್ಪೆಟ್ ಹಾಸಿದ ವೇದಿಕೆ ಮೇಲೆ ಗಿಟಾರಿನ ಕಾಲು ಹೂತುಕೊಂಡು, ಪೆಡಲ್ ತನ್ನ ತಡೆಗೆ ಮುಂಚೆ ನೆಲಕ್ಕೇ ಬಡಿಯುತ್ತದೆ. ಮನೆಯಲ್ಲಿ ಸರಿ ಇದ್ದ ಸಿ ಶಾರ್ಪ್ (ಎ ಪೆಡಲ್ ಒತ್ತಿದಾಗ ಬಿ ತಂತಿ ಏರಿ ಬರುವ ಸ್ವರ) ಅಲ್ಲಿ ಇಳಿದು ಕೇಳುತ್ತದೆ. ಕಾಲುಗಳ ಕೆಳಗೆ ಒಂದು ಹಲಗೆ ಚೂರು ಇಟ್ಟರೆ ಮುಗೀತು. ಹಾಗೆಯೇ ಬಿಚ್ಚಿ ಕಟ್ಟುವಾಗ ನಿಂತ ರಾಡುಗಳು ಅದಲು ಬದಲಾಗುತ್ತವೆ. ಅವುಗಳ ಉದ್ದ ಕೂದಲೆಳೆಯಷ್ಟು ಬೇರೆ ಬೇರೆ ಇರುತ್ತದೆ. ಉಗುರು ಬಣ್ಣದಿಂದ ಒಂದು, ಎರಡು, ಮೂರು ಚುಕ್ಕಿ ಇಟ್ಟುಕೊಳ್ಳಿ.

ಬಿಟ್ಟ ಮೇಲೆ ವಾಪಸ್ ಬಾರದಿದ್ದರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಆರನೇ ತಂತಿಯ ಕತೆ ಇಲ್ಲಿಯದು.

ನನ್ನ ಗಿಟಾರಿನಲ್ಲಿ ಆರನೇ ತಂತಿ ಬಿ ಪೆಡಲಿಗೆ ಜಿ ಶಾರ್ಪ್‌ನಿಂದ ಎ ಸ್ವರಕ್ಕೆ ಏರುತ್ತದೆ, ಒಂದು ಲಿವರಿಗೆ ಎಫ್ ಶಾರ್ಪ್‌ಗೆ ಇಳಿಯುತ್ತದೆ. ಕಾಗದದ ಮೇಲೆ ಬರೆದುಕೊಂಡಾಗ ಕಂಡದ್ದು ಹೀಗೆ: ಪೆಡಲ್ ಒತ್ತಿ ಬಿಟ್ಟರೆ ತಂತಿ 6 ಸೆಂಟ್ ಕೆಳಗೆ ನಿಲ್ಲುತ್ತಿತ್ತು. ಲಿವರ್ ತಳ್ಳಿ ಬಿಟ್ಟರೆ 7 ಸೆಂಟ್ ಮೇಲೆ. ಅಂದರೆ ಕೊನೆಗೆ ಯಾವುದನ್ನು ಮುಟ್ಟಿದ್ದೆ ಎಂಬುದರ ಮೇಲೆ ಬಿಡಿ ಸ್ವರ ಬದಲಾಗುತ್ತಿತ್ತು. ಒಂದು ಸಲ ಏರಿರುವುದು, ಇನ್ನೊಂದು ಸಲ ಇಳಿದಿರುವುದು ಯಾಕೆ ಅಂತ ಆಗ ಅರ್ಥವಾಯಿತು. ನಾನು ಬಿರಡೆ ತಿರುಗಿಸಿದಾಗೆಲ್ಲ ಅರ್ಧ ಸಲ ತಪ್ಪನ್ನು ದುಪ್ಪಟ್ಟು ಮಾಡುತ್ತಿದ್ದೆ.

ಏರಿಸಿ ಬಿಟ್ಟಾಗ ಇಳಿದು ನಿಂತರೆ, ಇಳಿಸಿ ಬಿಟ್ಟಾಗ ಏರಿ ನಿಂತರೆ, ತಪ್ಪು ಎಡಗಡೆಯ ಉರುಳೆಯಲ್ಲಿದೆ. ಯಾಕೆ ಅಂದರೆ, ಏರಿಸುವಾಗ ಉರುಳೆಯ ಆಚೆ ಬಿರಡೆ ಕಡೆ ಇರುವ ತಂತಿಯೂ ಒಂದಿಷ್ಟು ಈಚೆಗೆ ಎಳೆದು ಬರುತ್ತದೆ. ಬಿಟ್ಟಾಗ ಅದು ವಾಪಸ್ ಆಚೆಗೆ ಹೋಗಬೇಕು. ಉರುಳೆ ತಿರುಗದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಈಚೆ ಭಾಗ ಸ್ವಲ್ಪ ಸಡಿಲ ಉಳಿಯುತ್ತದೆ, ಸ್ವರ ಇಳಿಯುತ್ತದೆ. ಇಳಿಸುವಾಗ ಇದೇ ಕತೆ ತಿರುಗುಮುರುಗು.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಪೆಡಲ್ ಒತ್ತಿ ಬಿಡಿ. ತಂತಿ ಇಳಿದಿರುತ್ತದೆ. ಈಗ ಉರುಳೆಗೂ ಬಿರಡೆಗೂ ನಡುವಿನ ತುಂಡನ್ನು ಬೆರಳಿಂದ ಮೆಲ್ಲಗೆ ಅದುಮಿ ಬಿಡಿ. ಸ್ವರ ಮೇಲಕ್ಕೆ ಬಂದು ಸರಿಹೋದರೆ ಕಳ್ಳ ಸಿಕ್ಕಿದ. ಲಿವರ್ ಬಿಟ್ಟ ಮೇಲೆ ಏರಿ ನಿಂತಿದ್ದರೆ ತಂತಿಯ ನಡುವನ್ನು ಹಿಡಿದು ಸ್ವಲ್ಪ ಮೇಲೆತ್ತಿ ಬಿಡಿ, ಅದು ಇಳಿದು ಸರಿಯಾಗುತ್ತದೆ. ನನ್ನದರಲ್ಲಿ ಬೆರಳು ಇಟ್ಟ ಕೂಡಲೇ 'ಟಿಕ್' ಎಂಬ ಸಣ್ಣ ಸದ್ದು ಕೂಡ ಬಂತು. ತಂತಿ ಸಡಿಲಿಸಿ, ಉರುಳೆ ಹೊರತೆಗೆದು ನೋಡಿದರೆ ಅದರ ತೂತಿನಲ್ಲಿ ಕಪ್ಪು ಅಂಟು, ಹಳೆಯ ಎಣ್ಣೆ ಧೂಳು ಸೇರಿ ಗಟ್ಟಿಯಾದದ್ದು. ಬೆರಳಲ್ಲಿ ತಿರುಗಿಸಿದರೂ ತಿರುಗದು. ನ್ಯಾಫ್ತಾದಲ್ಲಿ, ಅಂದರೆ ಸಿಗರೇಟ್ ಲೈಟರಿಗೆ ಹಾಕುವ ದ್ರವದಲ್ಲಿ ತೊಳೆದೆ, ಒರೆಸಿದೆ, ಹೊಲಿಗೆ ಯಂತ್ರದ ಎಣ್ಣೆ ಸೂಜಿ ತುದಿಯಷ್ಟು ಹಚ್ಚಿದೆ. ಆಮೇಲಿನ ರೀಡಿಂಗ್: ಒಂದು ಸೆಂಟ್ ಕೆಳಗೆ, ಒಂದು ಸೆಂಟ್ ಮೇಲೆ. ಪೂರ್ತಿ ಸೊನ್ನೆ ಯಾವ ಗಿಟಾರಿನಲ್ಲೂ ಬರುವುದಿಲ್ಲ. ಬಿರಡೆ ತಲೆ ಇಲ್ಲದ ಕೀಲೆಸ್ ಗಿಟಾರುಗಳಲ್ಲಿ ಉರುಳೆಯ ಆಚೆ ತಂತಿಯೇ ಕಡಿಮೆ, ಅಲ್ಲಿ ಈ ಕಾಟವೂ ಕಡಿಮೆ.

ಕಾಗದ ಇದರ ಉಲ್ಟಾ ತೋರಿಸಿದರೆ, ಅಂದರೆ ಏರಿಸಿ ಬಿಟ್ಟಾಗ ಏರಿಯೇ ಉಳಿದರೆ, ಇಳಿಸಿ ಬಿಟ್ಟಾಗ ಇಳಿದೇ ಉಳಿದರೆ, ಎಡಗಡೆ ಬಿಡಿ, ಬಲಗಡೆಗೆ ಹೋಗಿ. ಫಿಂಗರ್ ತನ್ನ ಜಾಗಕ್ಕೆ ವಾಪಸ್ ಬರುತ್ತಿಲ್ಲ. ಹೆಚ್ಚು ಸಲ ಕಾರಣ ನೈಲಾನ್ ತಿರುಪು ಅತಿ ಬಿಗಿ ಇರುವುದು. ಪೆಡಲ್ ಮುಟ್ಟದಿದ್ದರೂ ರಾಡ್ ಫಿಂಗರನ್ನು ಎಳೆದು ಹಿಡಿದಿರುತ್ತದೆ. ಬಿಡಿ ಸ್ವರ ಮೀಟುತ್ತಾ ತಿರುಪನ್ನು ಸಡಿಲ ಮಾಡುತ್ತಾ ಹೋಗಿ. ಸ್ವರ ಬದಲಾದರೆ ಅದೇ ಕಾರಣ. ಸ್ವರ ಬದಲಾಗುವುದು ನಿಲ್ಲುವ ತನಕ ಬಿಡಿ, ರಾಡಿಗೆ ಎಳ್ಳಷ್ಟು ಸಡಿಲ ಇರಬೇಕು. ಆಮೇಲೆ ಬಿರಡೆಯಲ್ಲಿ ಬಿಡಿ ಸ್ವರ ಹೊಸದಾಗಿ ಕೂರಿಸಿ. ಹಾಗೆ ಬಿಟ್ಟ ಮೇಲೆ ಪೆಡಲಿನ ಸ್ವರ ಮುಟ್ಟದೇ ಹೋದರೆ ಪೆಡಲಿನ ತಡೆಯನ್ನು ಇನ್ನಷ್ಟು ಕೆಳಗೆ ಸರಿಸಬೇಕು. ತಿರುಪಿಗೆ ಮತ್ತೆ ಹೋಗಬೇಡಿ.

ತಿರುಪು ಸಡಿಲವೇ ಇದ್ದು, ಇಳಿಸಿದ ತಂತಿ ಮಾತ್ರ ವಾಪಸ್ ಏರದಿದ್ದರೆ ಸ್ಪ್ರಿಂಗ್ ನೋಡಿ. ಏರಿಸಿದ್ದನ್ನು ವಾಪಸ್ ಎಳೆಯಲು ತಂತಿಯ ಎಳೆತವೇ ಸಾಕು. ಇಳಿಸಿದ್ದನ್ನು ವಾಪಸ್ ತರಲು ಚೇಂಜರಿನ ಸ್ಪ್ರಿಂಗ್ ಬೇಕು. ಅದು ಸೊರಗಿದರೆ ಇನ್ನೊಂದು ವಿಚಿತ್ರವೂ ಆಗುತ್ತದೆ. ಪೆಡಲ್ ಒತ್ತಿ ಏರಿಸುವಾಗ ಇಳಿಸುವ ಕತ್ತರಿಯೇ (ಚೇಂಜರಿನಲ್ಲಿ ತಂತಿ ಇಳಿಸುವ ತುಂಡು) ತನ್ನ ತಡೆ ಬಿಟ್ಟು ಮೇಲೇಳುತ್ತದೆ, ಏರಿದ ಸ್ವರ ತೂಗಾಡುತ್ತದೆ. ಬಲ ತಟ್ಟೆಯ ಸಂದಿಯಲ್ಲಿ ಟಾರ್ಚ್ ಹಾಕಿ ನೋಡಿದರೆ ಆ ಏಳುವಿಕೆ ಕಣ್ಣಿಗೇ ಕಾಣುತ್ತದೆ. ಸ್ಪ್ರಿಂಗನ್ನು ಮುಂದಿನ ತೂತಿಗೆ ಸಿಕ್ಕಿಸಿ, ಇಲ್ಲವೇ ಗಟ್ಟಿ ಸ್ಪ್ರಿಂಗ್ ಹಾಕಿ. ಲಿವರ್ ಸ್ವಲ್ಪ ಬಿಗಿ ಅನಿಸುತ್ತದೆ, ಅದಕ್ಕೆ ಮೊಣಕಾಲು ಒಗ್ಗಿಕೊಳ್ಳಬೇಕು.

ಇವೆರಡೂ ಅಲ್ಲದಿದ್ದರೆ ಚೇಂಜರ್ ಒಳಗೆ ಒಣಗಿದೆ. ಪಿಕಪ್ಪಿಗೂ ಬಣ್ಣಕ್ಕೂ ತಾಗದಂತೆ ಬಟ್ಟೆ ಮುಚ್ಚಿ, ನ್ಯಾಫ್ತಾ ಹನಿಸುತ್ತಾ ಪೆಡಲ್, ಲಿವರ್ ಎಲ್ಲವನ್ನೂ ಆಡಿಸಿ. ಕಪ್ಪು ನೀರು ಇಳಿಯುವುದು ನಿಲ್ಲುವವರೆಗೆ ಮಾಡಿ, ಒಣಗಿಸಿ, ತೆಳು ಎಣ್ಣೆ ಕೊಡಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಒಲೆ, ಊದುಬತ್ತಿ ಏನೂ ಬೇಡ, ಅದು ಪೆಟ್ರೋಲಿನ ತಮ್ಮ. ಕೀಲುಗಳಿಗೆ ಹೊಡೆಯುವ ಸ್ಪ್ರೇ ಡಬ್ಬಿ ಮಾತ್ರ ಬೇಡ. ಇವತ್ತು ನುಣ್ಣಗೆ ಮಾಡಿ, ವರ್ಷ ಕಳೆದ ಮೇಲೆ ಅಂಟಾಗುತ್ತದೆ. ನನ್ನ ಉರುಳೆಯ ಕಪ್ಪು ಅಂಟು ಎಲ್ಲಿಂದ ಬಂದಿತ್ತು ಅಂತ ನನಗೆ ಒಂದು ಅನುಮಾನ ಇದೆ, ಗಿಟಾರಿನ ಹಿಂದಿನ ಮಾಲೀಕನನ್ನು ಕೇಳಲು ಹೋಗಿಲ್ಲ.

ಮುಟ್ಟದ ತಂತಿ ಇಳಿಯುತ್ತದೆ

ನಾಲ್ಕನೇ ತಂತಿಯನ್ನು ಮೀಟಿ, ಟ್ಯೂನರ್ ನೋಡುತ್ತಾ ಎ ಮತ್ತು ಬಿ ಪೆಡಲ್ ಒಟ್ಟಿಗೆ ಒತ್ತಿ. ಈ ಎರಡು ಪೆಡಲುಗಳಿಗೂ ನಾಲ್ಕನೇ ತಂತಿಗೂ ಸಂಬಂಧವಿಲ್ಲ. ಆದರೂ ಮುಳ್ಳು ಎರಡು ಮೂರು ಸೆಂಟ್ ಕೆಳಗೆ ಸರಿಯುತ್ತದೆ. ಇದನ್ನು ಕ್ಯಾಬಿನೆಟ್ ಡ್ರಾಪ್ ಅನ್ನುತ್ತಾರೆ. ಎರಡು ಪೆಡಲ್ ನಾಲ್ಕು ತಂತಿಗಳನ್ನು ಬಿಗಿಯುತ್ತವೆ. ಲೆಕ್ಕ ಹಾಕಿದರೆ ಒಟ್ಟು ಎಂಟು ಕಿಲೋ ಹತ್ತಿರ ಹೆಚ್ಚಿನ ಎಳೆತ. ಅದಕ್ಕೆ ಮರದ ಮೈ ಕೂದಲೆಳೆಯಷ್ಟು ಬಾಗುತ್ತದೆ, ಮಿಕ್ಕ ತಂತಿಗಳು ಅಷ್ಟೇ ಸಡಿಲವಾಗುತ್ತವೆ. ಎರಡು ಮೂರು ಸೆಂಟಿಗೆ ತಲೆ ಕೆಡಿಸಿಕೊಳ್ಳಬೇಡಿ. ಎಂಟು ಹತ್ತು ಇದ್ದರೆ ತುದಿ ತಟ್ಟೆಗಳ ಸ್ಕ್ರೂ, ಚೇಂಜರ್ ಕೂರಿಸಿದ ಸ್ಕ್ರೂ, ಕಾಲು ಸಿಕ್ಕಿಸುವ ಸಾಕೆಟ್ಟುಗಳನ್ನು ಒಂದೊಂದಾಗಿ ಬಿಗಿಯಿರಿ. ಅದಕ್ಕೂ ಜಗ್ಗದಿದ್ದರೆ ಅದು ಆ ಮರದ ಗುಣ.

ಎಲ್ಲ ಸರಿ ಇದ್ದೂ ಅಪಸ್ವರ

ಟ್ಯೂನರ್ ಎಲ್ಲ ತಂತಿಗೂ ಸೊನ್ನೆ ತೋರಿಸುತ್ತಿದೆ. ಮೂರು ತಂತಿ ಒಟ್ಟಿಗೆ ಮೀಟಿದರೆ ಹುಳಿ ಹುಳಿ. ರಿಪೇರಿಗೆ ಅಂತ ಬರುವ ಗಿಟಾರುಗಳಲ್ಲಿ ಕೆಲವಕ್ಕೆ ಇರುವ ಕಾಯಿಲೆ ಇದೊಂದೇ.

ಟ್ಯೂನರ್‌ನ ಸೊನ್ನೆ ಹಾರ್ಮೋನಿಯಂ ಶ್ರುತಿ, ಹನ್ನೆರಡು ಸಮ ಪಾಲು. ತಂಬೂರಿಯ ಮಂದ್ರ ತಂತಿ ಮೀಟಿ ಸ್ವಲ್ಪ ಹೊತ್ತು ಕಿವಿ ಕೊಟ್ಟರೆ ಯಾರೂ ಮೀಟದ ಒಂದು ಗಾಂಧಾರ ತೇಲಿ ಬರುತ್ತದೆ ಅಲ್ವಾ? ಆ ಸ್ವಯಂಭೂ ಗಾಂಧಾರ ಹಾರ್ಮೋನಿಯಂ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ. ಸ್ಟೀಲ್ ನುಡಿಸುವವರ ಕಿವಿ ಕೇಳುವುದೂ ಅದನ್ನೇ. ದೀರ್ಘವಾಗಿ ಮೊಳಗುವ ಮೂರು ತಂತಿಗಳಲ್ಲಿ 14 ಸೆಂಟ್ ಬೇರೆ ಇದ್ದರೆ ಅಲೆ ಅಲೆಯಾಗಿ ಒಡೆಯುತ್ತದೆ.

ಇ ಸೊನ್ನೆ ಇಟ್ಟುಕೊಂಡು ಅಲೆ ಇಲ್ಲದಂತೆ ಕೂರಿಸುತ್ತಾ ಹೋದರೆ ಬಿ ಎರಡು ಮೇಲೆ, ಜಿ ಶಾರ್ಪ್ 14 ಕೆಳಗೆ. ಪೆಡಲ್ ಒತ್ತಿದಾಗ ಎ ಎರಡು ಕೆಳಗೆ, ಸಿ ಶಾರ್ಪ್ 16 ಕೆಳಗೆ. ಲಿವರಿನ ಎಫ್ ಆ ಸಿ ಶಾರ್ಪ್‌ಗೆ ಗಾಂಧಾರ, ಹಾಗಾಗಿ ಅದು 30 ಕೆಳಗೆ. ಮೊದಲ ಸಲ ಟ್ಯೂನರ್‌ನಲ್ಲಿ ಇದನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಕಿವಿಗೆ ಮಾತ್ರ ಬೆಣ್ಣೆ.

ಬಗೆಹರಿಯದ್ದು ಎಫ್ ಶಾರ್ಪ್, ಒಂದನೇ ಮತ್ತು ಏಳನೇ ತಂತಿ. ಬಿ ತಂತಿಗೆ ಅದು ಪಂಚಮವಾಗಬೇಕಾದರೆ ನಾಲ್ಕು ಮೇಲೆ ಇರಬೇಕು. ಎ ಪೆಡಲಿನ ಸಿ ಶಾರ್ಪ್ ಜೊತೆ ಕೂಡಬೇಕಾದರೆ 18 ಕೆಳಗೆ ಇರಬೇಕು. ನಡುವೆ 22 ಸೆಂಟ್ ಅಂತರ. ಇ ಷಡ್ಜ ಅಂದುಕೊಂಡರೆ ಎಫ್ ಶಾರ್ಪ್ ರಿಷಭ, ಮತ್ತು ಇದು ನಮ್ಮವರು ಲೆಕ್ಕ ಹಾಕಿದ ಚತುಃಶ್ರುತಿ ರಿಷಭಕ್ಕೂ ತ್ರಿಶ್ರುತಿ ರಿಷಭಕ್ಕೂ ಇರುವ ಪ್ರಮಾಣ ಶ್ರುತಿಯ ಅಂತರವೇ. ಎರಡು ರಿಷಭ ಬೇಕು, ಇರುವುದು ಒಂದು ತಂತಿ. ಕೆಲವರು ಪೆಡಲ್ ಒತ್ತಿದಾಗ ಎಫ್ ಶಾರ್ಪ್ ಸ್ವಲ್ಪ ಇಳಿಯುವಂತೆ ಇನ್ನೊಂದು ರಾಡ್ ಹಾಕಿಸಿಕೊಳ್ಳುತ್ತಾರೆ. ನಾನು ನಡುವೆ ಎಲ್ಲೋ ಬಿಟ್ಟು, ಅಪಸ್ವರ ಕೇಳುವ ಜೋಡಿಯನ್ನು ನುಡಿಸದೆ ತಪ್ಪಿಸಿಕೊಳ್ಳುತ್ತೇನೆ.

ಪೂರ್ತಿ ಶುದ್ಧ ಕೂರಿಸಿದರೂ ಕಷ್ಟವಿದೆ. ಪಕ್ಕದ ಕೀಬೋರ್ಡ್ ಸಮ ಪಾಲಿನಲ್ಲಿದೆ, ನಿಮ್ಮ ಎಫ್ 30 ಸೆಂಟ್ ಕೆಳಗೆ ಹೋದರೆ ಜಗಳ. ಅದಕ್ಕೇ ಹಳಬರಲ್ಲಿ ಹಲವರು ಇ ತಂತಿಯನ್ನು 440ರ ಬದಲು 442ರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಾರೆ (ಇದು ಟ್ಯೂನರ್‌ನಲ್ಲಿ ಎ ಸ್ವರಕ್ಕೆ ಇಡುವ ಹರ್ಟ್ಜ್ ಲೆಕ್ಕ), ಕೆಳಗಿರುವ ಸ್ವರಗಳೆಲ್ಲ ಬ್ಯಾಂಡಿಗೆ ಹತ್ತಿರವಾಗುತ್ತವೆ. ನಾನು ಜಿ ಶಾರ್ಪನ್ನು 10 ಕೆಳಗೆ, ಸಿ ಶಾರ್ಪನ್ನು 12 ಕೆಳಗೆ, ಎಫ್ ಅನ್ನು 24 ಕೆಳಗೆ ಇಟ್ಟುಕೊಂಡಿದ್ದೇನೆ. ನಿಮ್ಮ ಕಿವಿ ಬೇರೆ ಹೇಳಬಹುದು.

ಶ್ರುತಿ ಮಾಡುವ ಮುಂಚೆ ಗಿಟಾರ್ ಕೋಣೆಯ ಬಿಸಿಗೆ ಹೊಂದಿಕೊಳ್ಳಲಿ. ಚಳಿಗಾಲದಲ್ಲಿ ಕಾರಿನ ಡಿಕ್ಕಿಯಿಂದ ತೆಗೆದು ನೇರ ವೇದಿಕೆ ದೀಪದ ಕೆಳಗೆ ಇಟ್ಟರೆ ಹತ್ತು ನಿಮಿಷಕ್ಕೊಮ್ಮೆ ಜಾರುತ್ತಲೇ ಇರುತ್ತದೆ, ಅದಕ್ಕೆ ಎಣ್ಣೆಯೂ ಇಲ್ಲ, ಸ್ಪ್ರಿಂಗೂ ಇಲ್ಲ. ನಾನು ಅರ್ಧ ಗಂಟೆ ಮುಂಚೆ ಹೋಗಿ ಬಿಚ್ಚಿಡುತ್ತೇನೆ.

ಆರನೇ ತಂತಿ ಈಗ ತಣ್ಣಗಿದೆ. ಮೊನ್ನೆಯ ಕಾಗದದಲ್ಲಿ ಹತ್ತನೇ ತಂತಿ ಎ ಪೆಡಲ್ ಬಿಟ್ಟ ಮೇಲೆ 4 ಸೆಂಟ್ ಏರಿಯೇ ಉಳಿದಿತ್ತು. ಏರಿಸಿದ್ದು ಏರಿಯೇ ಉಳಿದರೆ ಬಲಗಡೆ. ಶನಿವಾರ ತಿರುಪು ಅರ್ಧ ಸುತ್ತು ಬಿಟ್ಟು ನೋಡಬೇಕು.